ಕೆಳಗಿನ ಸಾಲಿನ ಕರ್ನಲ್

ಕೇಳಿದವರಿಗೆ ಇಲ್ಲ ಅನ್ನಬಾರದು ಎಂಬುದು ದರ್ಜಿಯ ವ್ರತ. ಅಂಗಡಿಯಲ್ಲಿ ಕೂತಿದ್ದ ಕಾಲದಲ್ಲಿ ಯಾರು ಬಂದು ನಾಳೆಗೇ ಬೇಕು ಅಂದರೂ ಆಗಲಿ ಎನ್ನುವುದು, ಆಮೇಲೆ ಬೈಸಿಕೊಂಡು ಬೈಸಿಕೊಂಡು ಹೊಲಿದು ಕೊಡುವುದು. ಹಾಗಾಗಿ ಹಿಂದಿನ ಸಂಜೆ ಲ್ಯಾಪ್‌ಟಾಪು ಪರದೆಯ ಮೇಲೊಂದು ಚೌಕ ತೆರೆದು, ಹೊಸ ಆವೃತ್ತಿ ಬಂದಿದೆ, ಹಾಕಿಕೊಳ್ಳಲೇ ಎಂದು ವಿನಯದಿಂದ ಕೇಳಿದಾಗ ಆತ 'ಹೌದು' ಒತ್ತಿದ. ಅದು ಮತ್ತೆ ಏನೇನೋ ಕೇಳಿತು. ಎಲ್ಲಕ್ಕೂ ಹೌದು. ಬೆಳಿಗ್ಗೆ ದೇವರಿಗೆ ಕೈಮುಗಿದು ಬಂದು ನೋಡುತ್ತಾನೆ, ಯಂತ್ರ ತಾನೇ ಮಲಗಿ ತಾನೇ ಎದ್ದು ಕೂತಿದೆ. ಪರದೆಗೆ ಹೊಸ ಬಣ್ಣ ಬಂದಿತ್ತು. ಮಾತು ಹೋಗಿತ್ತು.

ಅದು ಅವನದೇ ಮಾತು. ಗಂಟಲಿನ ಆಪರೇಷನ್ ಆದ ಮೇಲೆ ದರ್ಜಿಗೆ ದನಿಯಿಲ್ಲ. ಕೈನಡುಕಕ್ಕೆ ಪೆನ್ನು ನಿಲ್ಲದು, ಮೊಬೈಲಿನ ಪುಟ್ಟ ಅಕ್ಷರ ಬೆರಳಿಗೆ ಸಿಗದು. ಎಕ್ಸ್‌ರೇ ತೆಗೆಯುವ ಕೆಲಸದ ಮಗಳು ತನ್ನ ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಎಂಬ ಪುಕ್ಕಟೆ ತಂತ್ರಾಂಶ ಹಾಕಿ, ಟೈಪು ಮಾಡಿದ್ದನ್ನು ಗಟ್ಟಿಯಾಗಿ ಓದುವ ಹಾಗೆ ಮಾಡಿಕೊಟ್ಟಿದ್ದಳು. ಅಂದಿನಿಂದ ಮನೆಯಲ್ಲಿ ಮೊದಲಿನಷ್ಟೇ ಗಲಾಟೆ.

ಇವತ್ತೇ ಅದು ಮೂಕವಾಗಬೇಕೆ! ಗಡಿಯಾರ ರಿಪೇರಿ ಮಾಡುತ್ತಿದ್ದ ಅವನ ಅಣ್ಣ ಬರುವ ದಿನ. ಪಕ್ಕದ ಊರಿನ ಕಣ್ಣಿನ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಇಳಿದು, ಮಧ್ಯಾಹ್ನದ ರೈಲಿಗೆ ಹೊರಡುವವನು. ಅಮ್ಮ ತೀರಿಕೊಂಡಾಗಿನಿಂದ ಅಣ್ಣತಮ್ಮಂದಿರಿಗೆ ಮಾತಿಲ್ಲ. ಅಮ್ಮನ ಉಸಿರು ನಿಲ್ಲುವ ಮೊದಲು ಅಣ್ಣ ಹೇಳಿ ಕಳಿಸಲಿಲ್ಲ ಎಂಬುದೇ ದರ್ಜಿಯ ಎದೆಯ ಮುಳ್ಳು. ಅದನ್ನು ಕೇಳಲೆಂದೇ ಒಂದು ಪ್ರಶ್ನೆಯನ್ನು ಟೈಪು ಮಾಡಿ, ತಿದ್ದಿ, ಇಸ್ತ್ರಿ ಮಾಡಿದ ಬಟ್ಟೆಯ ಹಾಗೆ ತೆಗೆದಿಟ್ಟಿದ್ದ. ಅಣ್ಣನ ಕಣ್ಣು ಮಬ್ಬು, ಓದಲಾರ. ಮಗಳ ಬಾಯಲ್ಲಿ ಕೇಳಿಸುವ ಪ್ರಶ್ನೆಯೂ ಅದಲ್ಲ.

ಹೊಲಿಗೆ ಬಿಟ್ಟರೂ ಬೆರಳು ಬಿಡದ, ಸೂಜಿ ಚುಚ್ಚದಿರಲೆಂದು ತೊಡುವ ಲೋಹದ ಟೋಪಿಯಿಂದ ದರ್ಜಿ ಮೇಜು ಕುಟ್ಟತೊಡಗಿದ. ಟಕ್ ಟಕ್ ಟಕ್. ಎದ್ದು ಬಾಗಿಲಿಗೆ ಹೋದ. ಬಂದು ಮತ್ತೆ ಕುಟ್ಟಿದ.

"ಮದುವೆಯಾದಾಗಿನಿಂದ ಇವತ್ತೇ ಮನೆ ತಣ್ಣಗಿರೋದು," ಅಂದಳು ಹೆಂಡತಿ. "ಸ್ವಲ್ಪ ಹೊತ್ತು ಹಾಗೇ ಇರಲಿ ಬಿಡೇ."

"ಅಮ್ಮಾ, ತಮಾಷೆ ಬೇಡ. ದೊಡ್ಡಪ್ಪ ಬರೋ ಹೊತ್ತಾಯ್ತು." ಮಗಳು ಸೌಂಡಿನ ಗುಂಡಿಗಳನ್ನೆಲ್ಲ ತಿರುವಿ ಸೋತು, ತನ್ನ ಆಸ್ಪತ್ರೆಯ ಕಂಪ್ಯೂಟರ್ ನೋಡಿಕೊಳ್ಳುವವನಿಗೆ ಫೋನು ಹಚ್ಚಿದಳು.

"ಅದನ್ನೆಲ್ಲ ಕೆದಕಬೇಡಿ ಮೇಡಂ," ಅಂದ ಆತ. "ಹೊಸ ಕರ್ನಲ್‌ಗೆ ನಿಮ್ಮ ಹಳೇ ಸ್ಪೀಕರಿನ ಪರಿಚಯ ಇಲ್ಲ. ಆನ್ ಆಗೋವಾಗ ಶಿಫ್ಟ್ ಒತ್ತಿ ಹಿಡ್ಕೊಳ್ಳಿ, ಮೆನು ಬರುತ್ತೆ. ಹಳೇ ಕರ್ನಲ್ ಉಳಿದಿದ್ರೆ ಅದರಲ್ಲಿ ಎಬ್ಬಿಸಿ."

"ಉಳಿದಿದ್ರೆ ಅಂದ್ರೆ?"

"ಹಳೇದು ಬೇಕಿಲ್ಲ, ಅಳಿಸಲಾ ಅಂತ ಯಾವಾಗಲಾದ್ರೂ ಒಂದು ಸಲ ಕೇಳುತ್ತೆ. ಹೂಂ ಅಂದಿದ್ರೆ ದೇವರೇ ಗತಿ."

ಮಗಳು ಅಪ್ಪನ ಮುಖ ನೋಡಿದಳು. ಅಪ್ಪ ಸೂರು ನೋಡಿದ.

"ಅಪ್ಪಾ, ಅದಕ್ಕೂ ಹೌದು ಅಂದುಬಿಟ್ರಾ?"

ಯಾವುದಕ್ಕೆಲ್ಲ ಹೌದು ಅಂದಿದ್ದನೋ ಅವನಿಗೇ ನೆನಪಿದ್ದರೆ ತಾನೆ.

ದೊಡ್ಡ ಸಂಸಾರದಲ್ಲಿ ಯಾರ ಕಣ್ಣಿಗೂ ಬೀಳದೆ ಒಳಕೋಣೆಯಲ್ಲಿ ಕೂತು, ನೀನು ನೀರು ತಾ, ನೀನು ಬಾಗಿಲು ನೋಡು ಎಂದು ಕೆಲಸ ಹಂಚುವ ಹಿರಿಯರೊಬ್ಬರು ಇರುತ್ತಾರಲ್ಲ, ಯಂತ್ರಕ್ಕೆ ಕರ್ನಲ್ ಹಾಗೆ. ಕೀಬೋರ್ಡು, ಪರದೆ, ಸ್ಪೀಕರು ಎಲ್ಲ ಅದರ ಮಾತು ಕೇಳುವವು. ಹೊಸ ಯಜಮಾನ ಚುರುಕಾಗಿಯೇ ಇರುತ್ತಾನೆ. ಮೂಲೆಯಲ್ಲಿ ಕೂತ ಮುದಿ ಆಳಿನ ಹೆಸರು ಮಾತ್ರ ಅವನಿಗೆ ಗೊತ್ತಿರುವುದಿಲ್ಲ.

ಮೊದಲ ಸಲ ಶಿಫ್ಟ್ ಒತ್ತಿದ್ದು ತಡವಾಯಿತು. ಎರಡನೆಯ ಸಲ ಬೆರಳು ಜಾರಿತು. "ಅಪ್ಪಾ, ಕುಟ್ಟೋದು ನಿಲ್ಲಿಸಿ. ಉಸಿರು ಎಳ್ಕೊಳ್ಳಿ... ಹಿಡೀರಿ..." ಎಂದು ಎಕ್ಸ್‌ರೇ ಕೋಣೆಯ ಮಾತೇ ಮಗಳ ಬಾಯಿಗೆ ಬಂತು. ದರ್ಜಿ ಉಸಿರು ಹಿಡಿದ. ಕಪ್ಪು ಪರದೆಯ ಮೇಲೆ ಬಿಳಿಯ ಸಾಲುಗಳು ಮೂಡಿದವು. ಮೂರು ಕರ್ನಲ್! ಮೇಲಿನದು ಹೊಸದು, ಮೂಕ. "ಉಸಿರು ಬಿಡಿ," ಎನ್ನುತ್ತ ಮಗಳು ನಡುವಿನದನ್ನು ಒತ್ತಿದಳು.

"ಮಾತು ಸಿದ್ಧ," ಅಂದಿತು ಯಂತ್ರ.

ದರ್ಜಿಯ ಕೈ ಕೀಬೋರ್ಡಿನ ಮೇಲೆ ಬಿತ್ತು. ಒಂದಕ್ಷರವೂ ಮೂಡಲಿಲ್ಲ. ನಿನ್ನೆಯವರೆಗೆ ಸರಿಯಿದ್ದ ಆ ನಡುವಿನದನ್ನೂ ಹೊಸ ಆವೃತ್ತಿ ಕೆಡಿಸಿತ್ತು; ಅದಕ್ಕೆ ಬಾಯಿ ಇತ್ತು, ಕಿವಿ ಇರಲಿಲ್ಲ. ಅದೇ ಹೊತ್ತಿಗೆ ಬಾಗಿಲ ಗಂಟೆ ಬಡಿಯಿತು.

ಅಣ್ಣ ಗೋಡೆ ಸವರಿಕೊಂಡು ಒಳಗೆ ಬಂದ. "ಎಲ್ಲಿ ಕೂತಿದೀಯೋ?"

ಟಕ್.

"ಇನ್ನೂ ಬೆರಳಿಗೆ ಟೋಪಿ ತೊಟ್ಕೊಂಡೇ ಇದೀಯಾ? ತಲೆಗೆ ಹಾಕ್ಕೊಂಡಿದ್ರೆ ಕೂದಲಾದ್ರೂ ಉಳೀತಿತ್ತು."

"ಭಾವ, ಇವರ ಮಾತಿನ ಮಿಷನ್ ಕೆಟ್ಟು ಕೂತಿದೆ," ಅಂದಳು ದರ್ಜಿಯ ಹೆಂಡತಿ, ಕುರ್ಚಿ ಸರಿಸುತ್ತ. "ಮಗಳು ಸರಿಮಾಡ್ತಿದಾಳೆ."

"ಅಂದ್ರೆ ಇವನು ಈಗ ಎದುರುತ್ತರ ಕೊಡೋ ಹಾಗಿಲ್ಲ?"

"ಇಲ್ಲ."

"ಹಾಗಾದ್ರೆ ಈಗಲೇ ಹೇಳಿಬಿಡ್ತೀನಿ." ಅಣ್ಣ ಕೂತ. ಟಕಟಕ ಬಂದ ಕಡೆಗೆ ಮುಖ ತಿರುಗಿಸಿಕೊಂಡ. "ಅಮ್ಮ ಹೋಗೋ ಹಿಂದಿನ ದಿನ ನಿನ್ನ ಅಂಗಡಿಗೆ ಫೋನು ಮಾಡಿದ್ದೆ ಕಣೋ. ಆಸ್ಪತ್ರೆ ಮೆಟ್ಟಿಲ ಪಕ್ಕದ ಬೂತಿಂದ. ನೀನೇ ಎತ್ತಿದೆ. ಹೊರಟು ಬಾ, ಅಮ್ಮ ಉಳಿಯೋಲ್ಲ ಅನ್ನಬೇಕು. ಬಾಯಿ ತೆರೆದೆ, ಬರಲಿಲ್ಲ. ಏನು ಮಾಡಿದ್ರೂ ಬರಲಿಲ್ಲ. ನೀನು ಆ ಕಡೆಯಿಂದ, ಯಾವನಯ್ಯಾ ಅದು, ಬಾಯಿಗೆ ಬಟ್ಟೆ ತುರುಕಿಕೊಂಡಿದೀಯಾ, ಇಡು ಫೋನು ಅಂದೆ. ಇಟ್ಟೆ." ಕುರ್ಚಿಯನ್ನು ತಮ್ಮನ ಕಡೆಗೆ ಎಳೆದುಕೊಂಡ. "ಇನ್ನೊಂದು ಸಲ ಮಾಡಬೇಕಿತ್ತು. ಮಾಡಲಿಲ್ಲ. ಅದು ನನ್ನದೇ ತಪ್ಪು."

ಕುಟ್ಟುವ ಸದ್ದು ನಿಂತಿತ್ತು. ದರ್ಜಿಗೆ ಆ ಫೋನು ನೆನಪಿತ್ತು. ಅಂಗಡಿ ತುಂಬ ಗಿರಾಕಿಗಳು, ತುಟಿಯ ನಡುವೆ ಗುಂಡುಸೂಜಿಗಳು. ಬೈದು ಇಟ್ಟಮೇಲೆ, ಬರೀ ಉಸಿರಾಡೋಕೆ ದುಡ್ಡು ಕೊಟ್ಟು ಫೋನು ಮಾಡ್ತಾರಲ್ಲಪ್ಪಾ ಎಂದು ಎಲ್ಲರನ್ನೂ ನಗಿಸಿದ್ದ.

ಈಗ ಬಾಯಿ ತೆರೆದ. ಗಾಳಿ ಮಾತ್ರ ಬಂತು. ಮಗಳ ತೋಳು ಹಿಡಿದು ಅಲ್ಲಾಡಿಸಿದ.

"ಒಂದೇ ನಿಮಿಷ ಅಪ್ಪಾ. ಉಳಿದಿರೋದು ಕೆಳಗಿನ ಸಾಲು ಒಂದೇ."

ಅಳಿಸಿ ಹೋಗಬೇಕಾಗಿದ್ದ, ಎಲ್ಲಕ್ಕಿಂತ ಹಳೆಯ ಕರ್ನಲ್ ಅದು. ಎದ್ದೇಳಲು ಮುದುಕರ ಹಾಗೆ ಹೊತ್ತು ತೆಗೆದುಕೊಂಡಿತು. ಆ ಹೊತ್ತಿನಲ್ಲಿ ದರ್ಜಿ ಕರೆಯದ ದೇವರಿಲ್ಲ.

"ಮಾತು ಸಿದ್ಧ."

ಮಗಳು ಒಂದಕ್ಷರ ಒತ್ತಿದಳು. ಮೂಡಿತು. "ಬಂತು ಅಪ್ಪಾ! ವೈಫೈ ಇಲ್ಲ, ಅದನ್ನ ಆಮೇಲೆ..." ದರ್ಜಿ ಅವಳ ಕೈ ಸರಿಸಿ ಕೂತ. ವೈಫೈ ಕಟ್ಟಿಕೊಂಡು ಅವನಿಗೇನು? ತಾನು ತೆಗೆದಿಟ್ಟಿದ್ದ ಪ್ರಶ್ನೆ ತೆರೆಯಿತು. 'ಅಮ್ಮ ಸಾಯುತ್ತಿದ್ದಾಳೆ ಅಂತ ಒಂದು ಮಾತು ಹೇಳೋಕೆ ನಿನ್ನ ಬಾಯಿಗೆ ಏನಾಗಿತ್ತು?' ಒಂದು ಗುಂಡಿ ಒತ್ತಿದರೆ ಸಾಕು, ಯಂತ್ರ ಅದನ್ನು ಕೂಗುತ್ತದೆ.

ಹಿಂದಿನಿಂದ ಒಂದೊಂದೇ ಅಕ್ಷರ ಅಳಿಸಿದ, ತಪ್ಪು ಹೊಲಿಗೆ ಬಿಚ್ಚುವ ಹಾಗೆ. ಆಮೇಲೆ ಟೈಪು ಮಾಡಿದ.

"ಗುಂಡುಸೂಜಿ ಬಾಯಲ್ಲಿಟ್ಕೊಂಡು ಬೈದವನು ನಾನೇ. ನೆನಪಿದೆ," ಅಂದಿತು ಯಂತ್ರ.

ಅಣ್ಣ ತಲೆ ವಾಲಿಸಿ ಕೇಳಿದ. "ಇದಾ ನಿನ್ನ ದನಿ? ಬಸ್‌ಸ್ಟ್ಯಾಂಡಿನ ಮೈಕಿನ ಹಾಗಿದೆ."

"ನಿನ್ನ ಹಾಡಿಗಿಂತ ವಾಸಿ."

ಅಣ್ಣ ನಕ್ಕುಬಿಟ್ಟ. ಅಷ್ಟರಲ್ಲಿ ಪರದೆಯ ಮೂಲೆಯಲ್ಲಿ ಚೌಕವೊಂದು ತೆರೆಯಿತು. ಜಾಗ ಸಾಲದು, ಹಳೆಯ ಕರ್ನಲ್‌ಗಳು ಇನ್ನು ಬೇಕಿಲ್ಲ, ಅಳಿಸಲೇ? ಎಂದು ಎಂದಿನ ವಿನಯದಿಂದ ಕೇಳಿತು.

"ಅಪ್ಪಾ!" ಎಂದು ಮಗಳು ಕಿರುಚಿದಳು.

ದರ್ಜಿಯ ಬೆರಳು ಅಭ್ಯಾಸಬಲದಿಂದ ಹೌದಿನ ಕಡೆಗೇ ಹೋಗಿತ್ತು. ಅಲ್ಲೇ ನಿಂತಿತು. ಪಕ್ಕಕ್ಕೆ ಸರಿದು 'ಬೇಡ' ಒತ್ತಿತು.

ಆಮೇಲೆ ಟೈಪು ಮಾಡಿದ. "ಕಣ್ಣು ಕಾಣದವನು ಒಬ್ಬನೇ ರೈಲು ಹತ್ತೋದೇನು? ನಾನೂ ಬರ್ತೀನಿ. ಮಗಳೇ, ಚಾರ್ಜರ್ ಕಟ್ಟು."

"ಮುಗೀತು," ಅಂದಳು ಹೆಂಡತಿ, ಅಂಗಿ ಮಡಿಸಿ ಚೀಲಕ್ಕೆ ತುಂಬುತ್ತ. "ರೈಲು ಡಬ್ಬಿಯಲ್ಲಿ ಇನ್ಯಾರಿಗೂ ನಿದ್ದೆಯಿಲ್ಲ."

ಮಗಳು ಇನ್ನು ಮೇಲೆ ಕೆಳಗಿನ ಸಾಲೇ ತಾನಾಗಿ ಎದ್ದೇಳುವ ಹಾಗೆ ಮಾಡಿಕೊಟ್ಟಳು. ಯಂತ್ರ ಆಫ್ ಮಾಡಿದರೂ ಭಯವಿಲ್ಲ ಅಂದಳು. ದರ್ಜಿ ನಂಬಲಿಲ್ಲ. ಮುಚ್ಚಳ ಮುಚ್ಚಲು ಯಾರಿಗೂ ಬಿಡದೆ, ತೆರೆದ ಲ್ಯಾಪ್‌ಟಾಪನ್ನು ತುಂಬಿದ ಬಟ್ಟಲಿನ ಹಾಗೆ ಒಂದು ತೋಳಿನ ಮೇಲೆ ಹೊತ್ತು, ಇನ್ನೊಂದು ಕೈಯಲ್ಲಿ ಅಣ್ಣನ ಮೊಣಕೈ ಹಿಡಿದು, ರೈಲಿನ ಹೊತ್ತಾಯಿತೆಂದು ಚಡಪಡಿಸುತ್ತ ಮೆಟ್ಟಿಲಿಳಿದ.