ಚೀಲದ ಹಿಡಿಕೆ

ಬಡಗಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಉಳಿ ಸಿಗದಿದ್ದರೆ ಕೂಗಾಟ, ಅಂಟು ಒಣಗದಿದ್ದರೆ ಕೂಗಾಟ. ಮೆತ್ತನೆಯ ನೀಲಿ ಅಂಗಿಯೊಂದು ಕಾಣೆಯಾದಾಗಲಂತೂ ಮನೆಯನ್ನೇ ತಲೆ ಮೇಲೆ ಹೊತ್ತುಕೊಂಡಿದ್ದ. "ಇಲಿ ಎಳ್ಕೊಂಡು ಹೋಯ್ತು, ಈಗೇನು?" ಎಂದು ಹೆಂಡತಿ ಅವನ ಬಾಯಿ ಮುಚ್ಚಿಸಿದ್ದಳು. ಅವನು ಎಂದೂ ದನಿ ಎತ್ತದಿದ್ದುದು ಒಂದೇ ಜೀವದ ಮೇಲೆ, ನಾಯಿ ಟಪಾಲಿನ ಮೇಲೆ. ಮಧ್ಯಾಹ್ನವಾದರೆ ಹೆಂಡತಿ ಕೊಟ್ಟ ಊಟದ ಚೀಲವನ್ನು ಬಾಯಲ್ಲಿ ಕಚ್ಚಿಕೊಂಡು, ಬೀದಿ ದಾಟಿ, ಡಬ್ಬಿ ಅಲುಗದ ಹಾಗೆ ಶೆಡ್ಡಿಗೆ ತಂದು ಅವನ ಕಾಲ ಬಳಿ ಇಡುತ್ತಿದ್ದ ನಾಯಿ ಅದು. ಅದಕ್ಕೇ ಆ ಹೆಸರು.

ಹೆಂಡತಿ ತೀರಿಕೊಂಡ ಮೇಲೆ ಬಡಗಿ ಆ ಹಳೇ ಚೀಲವನ್ನೂ ಅವಳು ಹೊಲಿದುಕೊಟ್ಟ ಕೊನೆಯ ಅಂಗಿಯನ್ನೂ ಶೆಡ್ಡಿನ ಅಟ್ಟಕ್ಕೆ ಸೇರಿಸಿಬಿಟ್ಟ, ಅವಳ ಕೈ ಮುಟ್ಟಿದ್ದು ಸವೆದುಹೋಗಬಾರದು ಎಂದು. ಹೊಸ ಚೀಲ ತಂದು, ಒಳ್ಳೆ ಮರದಲ್ಲಿ ಹಿಡಿಕೆ ಮಾಡಿ, ಉಜ್ಜಿ, ಪಾಲಿಶ್ ಕೊಟ್ಟು ಕೂರಿಸಿದ. ನೋಡಿದವರೆಲ್ಲ ಹೊಗಳಿದ್ದೇ ಹೊಗಳಿದ್ದು. ಟಪಾಲು ಮಾತ್ರ ಅದನ್ನು ಕಚ್ಚಿಕೊಂಡು ನಾಲ್ಕು ಹೆಜ್ಜೆ ಹೋಗಿ, ಬೀದಿಯಲ್ಲೇ ಕೆಳಗಿಟ್ಟು ಕೂತುಬಿಟ್ಟಿತು. ಆಮೇಲೆ ಮುಟ್ಟಲೂ ಇಲ್ಲ. ಬರಬರುತ್ತ ಊಟವನ್ನೂ ಬಿಟ್ಟಿತು.

"ಯಜಮಾನಿ ಹೋದ್ಮೇಲೆ ಅದಕ್ಕೂ ಏನೂ ಬೇಡವಾಗಿದೆ, ನನ್ನ ಹಾಗೇ," ಎಂದು ಬಡಗಿ ಕಂಡವರಿಗೆಲ್ಲ ಹೇಳಿದ. ಅವನ ಸಂಕಟ ಸುಳ್ಳಲ್ಲ. ಆದರೆ ತನ್ನ ದುಃಖಕ್ಕೊಂದು ಜೊತೆ ಸಿಕ್ಕಿತೆಂಬ ಸಮಾಧಾನವೂ ಇತ್ತು. ನಾಯಿಯ ಪಕ್ಕೆಲುಬು ಎದ್ದು ಕಾಣುವ ಹಾಗಾದರೂ ಅದನ್ನು ಅದರ ಪಾಡಿಗೆ ಬಿಟ್ಟ.

ಬಿಡದವಳು ಸೊಸೆ. ಈ ಮನೆಗೆ ಬಂದ ಹೊಸದರಲ್ಲಿ ನಾಯಿಮರಿ ಕಂಡರೂ ಕುರ್ಚಿ ಹತ್ತುತ್ತಿದ್ದ ಹುಡುಗಿ! ಒಂದು ಮಧ್ಯಾಹ್ನ ಊಟದ ಡಬ್ಬಿ ಹೊತ್ತು ತಂದವಳು ಶೆಡ್ಡಿನ ಮರದ ಪುಡಿಯ ಮೇಲೇ ಕೂತು, "ಮಾವ, ಇದಕ್ಕೆ ಬಾಯಿ ನೋಯ್ತಿದೆ," ಎಂದಳು. "ತಟ್ಟೆ ಹತ್ರ ಓಡಿ ಬರತ್ತೆ. ಬಾಯಿ ಹಾಕಿ ಕುಂಯ್ ಅಂದು ಬಿಟ್ಬಿಡತ್ತೆ. ಊಟ ಬೇಡ ಅನ್ನೋದು ಓಡಿ ಬರತ್ತಾ?"

"ನಿನ್ನೆ ಮೊನ್ನೆ ಬಂದೋಳು ನೀನು. ಅದರ ಸಂಕಟ ನಿನಗೇನು ಗೊತ್ತು?"

ಮಾತು ಚುಚ್ಚಿತು. ಆದರೂ ಅವಳು ಏಳಲಿಲ್ಲ. ಟಪಾಲಿನ ಕತ್ತು ನೇವರಿಸಿ, ಅದರ ತುಟಿಯನ್ನು ಮೆಲ್ಲಗೆ ಮೇಲೆತ್ತಿದಳು. ಗಬ್ಬೆಂದು ನಾತ ಹೊಡೆಯಿತು. ಹಲ್ಲಿನ ಬುಡಕ್ಕೆಲ್ಲ ಕಂದು ಕೊಳೆ ಕಲ್ಲಾಗಿ ಕಟ್ಟಿತ್ತು. ಒಸಡು ಕೆಂಪಗೆ ಊದಿ ರಕ್ತ, ಕೀವು ಜಿನುಗುತ್ತಿತ್ತು. ನಾಯಿ ಕಚ್ಚಲಿಲ್ಲ, ಗುರ್ ಎನ್ನಲೂ ಇಲ್ಲ. ಬಡಗಿ ಬಗ್ಗಿ ನೋಡಿ ಬೆಚ್ಚಿದ. ಎಂಥಾ ಎದೆಗಾರಿಕೆ ಈ ಹುಡುಗಿಯದು ಎಂದೂ ಅನ್ನಿಸಿತು. ಇಬ್ಬರೂ ಕೂಡಲೇ ನಾಯಿಯನ್ನು ಆಸ್ಪತ್ರೆಗೆ ಒಯ್ದರು.

"ಒಸಡಿನ ಕಾಯಿಲೆ. ಇವತ್ತು ನಿನ್ನೆದಲ್ಲ, ವರ್ಷಗಳಿಂದ ಇದೆ," ಎಂದರು ನಾಯಿ ಡಾಕ್ಟರಮ್ಮ. "ಮೂಳೆವರೆಗೂ ಹೋಗಿದೆ. ಮತ್ತಿನ ಇಂಜೆಕ್ಷನ್ ಕೊಟ್ಟು ಅಲ್ಲಾಡೋ ಹಲ್ಲೆಲ್ಲ ತೆಗೀಬೇಕು. ವಯಸ್ಸಾಗಿದೆ, ಅಪಾಯ ಇಲ್ಲ ಅನ್ನಲ್ಲ. ಹಾಗೇ ಬಿಟ್ರೆ ಮಾತ್ರ ಉಳಿಯಲ್ಲ."

ಟಪಾಲನ್ನು ಒಳಗೆ ಕರೆದೊಯ್ದ ಮೇಲೆ ಬಡಗಿಗೆ ಅಲ್ಲಿ ಕೂರಲಾಗಲಿಲ್ಲ. ಸೊಸೆಯನ್ನು ಅಲ್ಲೇ ಬಿಟ್ಟು ಶೆಡ್ಡಿಗೆ ಬಂದ. ವರ್ಷಗಳಿಂದ? ಹಾಗಾದರೆ ಅವಳಿದ್ದಾಗ ಚೀಲ ಹೇಗೆ ಹೊರುತ್ತಿತ್ತು? ಅಟ್ಟದಿಂದ ಹಳೇ ಚೀಲ ಇಳಿಸಿದ. ಹಿಡಿಕೆಗೆ ಪದರದ ಮೇಲೆ ಪದರ ಬಟ್ಟೆ ಸುತ್ತಿ, ನೀಟಾಗಿ ಹೊಲಿಗೆ ಹಾಕಿತ್ತು. ದಿನಾ ಕಣ್ಣೆದುರಿದ್ದರೂ ಅವನು ಗಮನಿಸಿರಲಿಲ್ಲ. ಮೇಲಿನ ಪದರ ಮಾಸಿ ಬಣ್ಣಗೆಟ್ಟಿತ್ತು, ಅಲ್ಲಲ್ಲಿ ರಕ್ತದ ಕಂದು ಕಲೆ. ಒಂದು ಕಡೆ ಹೊಲಿಗೆ ಬಿಚ್ಚಿ ಒಳಗೆ ನೋಡಿದ. ನೀಲಿ. ಅವನದೇ ಅಂಗಿ.

"ಇಲಿಯಂತೆ, ಇಲಿ!" ನಗುವೂ ಅಳುವೂ ಒಟ್ಟಿಗೇ ಬಂತು. ಆ ಮೂಕಪ್ರಾಣಿಯ ನೋವು ಅವಳಿಗೆ ಕಂಡಿತ್ತು. ಕೂಗಾಡುವ ಗಂಡನಿಗೆ ಹೇಳದೆ, ತನಗೆ ತೋಚಿದ ಉಪಾಯ ಮಾಡಿದ್ದಳು. ಆ ಮೆತ್ತನೆಯ ಹಿಡಿಕೆ ಕಿತ್ತುಕೊಂಡು, ಕೈಯಾರೆ ಕಟ್ಟಿಗೆ ಕಚ್ಚಿಸಿದವನು ತಾನು. ನಾಯಿಯಾದರೂ ಎಂಥದ್ದು! ಆ ಹಲ್ಲಿನಲ್ಲೇ ಒಂದು ದಿನವೂ ತಪ್ಪದೆ ಊಟ ತಂದಿತ್ತಲ್ಲ! ಅದು ಬದುಕಿ ಬಂದರೆ ಸಾಕೆಂದು ಚೀಲವನ್ನು ಎದೆಗವುಚಿಕೊಂಡು ಕೂತ.

ಟಪಾಲು ಬದುಕಿತು. ಬಾಯಲ್ಲಿ ಉಳಿದ ಹಲ್ಲು ಬೆರಳೆಣಿಕೆಯಷ್ಟು. ಊಟ ಮೆತ್ತಗೆ ಮಿದ್ದು ಇಟ್ಟರೆ, ತಟ್ಟೆಯನ್ನು ಗೋಡೆಯವರೆಗೂ ತಳ್ಳಿಕೊಂಡು ಹೋಗಿ ನೆಕ್ಕಿತು. ಬಡಗಿ ಸೊಸೆಗೆ ನೀಲಿ ಬಟ್ಟೆ ತೋರಿಸಿ ಇಲಿಯ ಕತೆ ಹೇಳಿದ. "ನೀನು ನೋಡದೇ ಇದ್ದಿದ್ರೆ ಕೈಯಾರೆ ಕೊಂದೇಬಿಡ್ತಿದ್ದೆ ಕಣಮ್ಮ," ಎಂದೂ ಹೇಳಿದ. ಗಾಯ ಮಾಯ್ದ ಮೇಲೆ ದಿನಾ ಹಲ್ಲುಜ್ಜುವ ರಂಪ ಶುರುವಾಯಿತು. ಮಾವ ತಲೆ ಹಿಡಿಯುತ್ತಿದ್ದ, ಸೊಸೆ ಬ್ರಶ್ ಆಡಿಸುತ್ತಿದ್ದಳು.

"ಭಾರ ಬೇಡ, ಹಗುರವಾಗಿ ಮೆತ್ತಗಿರೋದು ಕಚ್ಚಬಹುದು," ಎಂದಿದ್ದರು ಡಾಕ್ಟರಮ್ಮ. ಹಳೇ ಚೀಲ ಕಂಡದ್ದೇ ತಡ, ಟಪಾಲು ಎಗರಿ ಕಚ್ಚಿಕೊಂಡಿತು. ಡಬ್ಬಿ ಸೊಸೆಯ ಕೈಲಿ, ಖಾಲಿ ಚೀಲ ಟಪಾಲಿನ ಬಾಯಲ್ಲಿ, ಇಬ್ಬರೂ ಬೀದಿ ದಾಟಿ ಶೆಡ್ಡಿಗೆ ಬಂದರು. ಟಪಾಲು ಚೀಲವನ್ನು ಬಡಗಿಯ ಕಾಲ ಬಳಿ ಇಟ್ಟು ಬಾಲ ಆಡಿಸಿತು.

"ಈ ಬಟ್ಟೆ ಹರಿದುಹೋಗ್ತಿದೆ ಮಾವ. ಬೇರೆ ಸುತ್ತಬೇಕು. ಮೆತ್ತಗಿರೋದು ಏನಾದ್ರೂ ಇದೆಯಾ?"

ಬಡಗಿ ಅಟ್ಟ ಹತ್ತಿದ. ಹೆಂಡತಿ ಹೊಲಿದುಕೊಟ್ಟ ಕೊನೆಯ ಅಂಗಿಯನ್ನು ಇಳಿಸಿ, ಧೂಳು ಕೊಡವಿ, ಸೊಸೆಯ ಕೈಗಿಟ್ಟ.

"ತಗೋಮ್ಮ," ಎಂದ. "ಇದನ್ನೂ ಇಲಿ ಎಳ್ಕೊಂಡು ಹೋಯ್ತು ಅನ್ಕೊಳ್ತೀನಿ."