ಜೋಳಿಗಿಗೆ ಹಾಕಿದ ನಾಲಿಗಿ

ಸಚಿನ ನನ್ನ ತಂಗಿ ಗಂಡ. ಒಳ್ಳೇವ, ಇಲ್ಲನ್ನೂದಿಲ್ಲ. ಆದ್ರ ಆವತ್ತ ಮುಂಜಾನೆ ಅವನ ಚೀಲದಾಗಿಂದ ಆ ಕರೇ ಬಾಟ್ಲಿ ಹೊರಗ ಬಂತಲ್ಲ, ಅವನ ತಲಿ ಮ್ಯಾಲ ಒಳಕಲ್ಲ ಎತ್ತಿ ಹಾಕಬೇಕನಿಸ್ತು ನನಗ.

"ಅಕ್ಕಾರ, ಇದು ನಿಮ್ಮ ನೇರಳ ಹಣ್ಣಿಂದರೀ" ಅಂದ.

"ಏನಪಾ ಇದು?"

"ಬಿಯರ್‌ರೀ. ಕರೇ ಬಿಯರ್. ಸ್ವಲ್ಪ ಜೋರ ಐತಿ."

ನಾವು ಇಳಕಲ್ಲ ಬಸ್‌ಸ್ಟ್ಯಾಂಡಿನ ಬಾಜೂಕ ಶರಬತ್ತಿನ ಅಂಗಡಿ ನಡಸ್ತೇವಿ. ನೇರಳ, ದಾಳಿಂಬ್ರ, ಲಿಂಬಿ. ಪಾಕ ಕಾಸೂದು ಮನ್ಯಾಗ ನಾನು, ಅಂಗಡ್ಯಾಗ ಕೂಡೂದು ನಮ್ಮವರು. ದಾಳಿಂಬ್ರ ಕಲಾದಗಿಯಿಂದ ಬರ್ತಾವು, ನೇರಳ ಹಣ್ಣು ಬೇವೂರ ಕಡೆಯಿಂದ ತರಸ್ತೇವಿ. ಹೋದ ಮಳಿಗಾಲದಾಗ ಸಚಿನ ನೇರಳದ್ದೊಂದು, ದಾಳಿಂಬ್ರದ್ದೊಂದು, ಎರಡ ಕ್ಯಾನ್ ಪಾಕ ತುಂಬಿಸ್ಕೊಂಡು "ಗೋವಾದಾಗ ನಮ್ಮ ಕಂಪನಿಗೆ ಬೇಕರೀ" ಅಂತ ಒಯ್ದಿದ್ದ. ನಾ ಐಸ್‌ಕ್ರೀಮ್ ಕಂಪನಿ ಅನ್ಕೊಂಡಿದ್ದೆ. ನನ್ನ ತಂಗಿ ಮಹೇಶ್ವರಿನೂ "ತಂಪು ಪಾನೀಯದ ಕಂಪನಿ ಅಕ್ಕಾ" ಅಂತ ಬಾಯಿ ತುಂಬ ಹೇಳಿದ್ಲು. ತಂಪಿರೂದು ಸುಳ್ಳಲ್ಲ ಬಿಡ್ರಿ. ಫ್ರಿಜ್ಜಿನ್ಯಾಗ ಇಟ್ರ ಎಲ್ಲಾನೂ ತಂಪ.

"ಸೊಂಟಾ ಹಿಡಕೊಂಡು ಒಲಿ ಮುಂದ ನಿಂತು ಕಾಸಿದ್ದು, ನೀವು ಸೆರಿ ಮಾಡ್ಲಿ ಅಂತೇನೋ?" ಅಂದೆ.

ಅಂವ ಸೀದಾ ನಮ್ಮವರ ಕಡೆ ತಿರುಗಿದ. "ಅಣ್ಣಾರ, ನಿಮ್ಮಂಥಾ ನಾಲಿಗಿ ನಾ ಎಲ್ಲೂ ನೋಡಿಲ್ಲ. ಹಣ್ಣ ಯಾವ ಊರದ್ದು ಅಂತ ಹೇಳೂ ಮನಷ್ಯಾ ನೀವು. ಮುಂದಿನ ಸಲಕ್ಕ ನೇರಳ ಜಾಸ್ತಿ ಹಾಕಬೇಕೋ, ದಾಳಿಂಬ್ರ ಜಾಸ್ತಿ ಹಾಕಬೇಕೋ, ಅಷ್ಟ ಹೇಳ್ರಿ. ನಾ ಹುನಗುಂದಕ್ಕ ಗೆಳ್ಯಾನ ಕಡೆ ಹೋಗಿ ಸಂಜಿಕ ಬರ್ತೇನಿ."

ನಮ್ಮವರು ಏನನ್ನಬೇಕಿತ್ತು? "ತಗೊಂಡ ಹೋಗಲೇ ನಿನ್ನ ಬಾಟ್ಲಿ" ಅನ್ನಬೇಕಿತ್ತು. ಅನ್ನಲಿಲ್ಲ. ಕೈಯಾಗ ಹಿಡದು, ಬೆಳಕಿಗೆ ಎತ್ತಿ ನೋಡಿ, "ಇಡು, ನೋಡೂನು" ಅಂದ್ರು.

ನಾ ಅವರ ಕೈಯನ್ನ ನೋಡ್ಕೋತ ನಿಂತೆ.

ಯಾಕಂತ ಹೇಳ್ತೇನಿ. ನಮ್ಮವರು, ನಾಗಲಿಂಗ ಅಂತ ಹೆಸರು, ಒಂದ ಕಾಲಕ್ಕ ಈ ಊರಾಗ ಹೆಸರಾದ ಕುಡಕರು. ಮುಚ್ಚಿಟ್ಟು ಏನ ಮಾಡೂದು, ಊರಿಗೆ ಊರ ನೋಡೈತಿ. ನನ್ನ ಬಂಗಾರದ ಬೋರಮಾಳ ಸರ ಅದಕ್ಕ ಹೋತು. ಮಗಳು ಸುಮಾನ ಸಾಲಿ ಗ್ಯಾದರಿಂಗ್‌ದಾಗ ಇವರು ತೂರಾಡ್ಕೋತ ಸ್ಟೇಜ್ ಹತ್ತಿ, ಡ್ಯಾನ್ಸ್ ಮಾಡೂ ಹುಡುಗ್ಯಾರ ನಡುವ ನಿಂತು ಕೈ ಎತ್ತಿ ಕುಣದ್ರು. ಮಂದಿ ನಗಾಕ ಹತ್ತಿದ್ರು. ನನ್ನ ಕೂಸು ಒಂದ ವಾರ ಸಾಲಿಗೆ ಹೋಗಲಿಲ್ಲ. ಈಗ ವಿದ್ಯಾಗಿರ್ಯಾಗ ಹಾಸ್ಟೆಲ್‌ದಾಗಿದ್ದು ಕಾಲೇಜ ಕಲ್ಯಾಕ ಹತ್ಯಾಳ, ಇವತ್ತಿಗೂ ಯಾರರ ಸ್ಟೇಜಿಗೆ ಕರದ್ರ ಒಲ್ಲೆ ಅಂತಾಳ.

ಬಿಟ್ಟಿದ್ದು ಜೋಳಿಗಿಯಿಂದ. ನಮ್ಮ ಊರಾಗ ಮಠದವರು ಜೋಳಿಗಿ ಹಿಡಕೊಂಡು ಓಣಿ ಓಣಿ ಬರ್ತಾರ. ಜ್ವಾಳಾ ಬೇಡೂದಿಲ್ಲ, ರೊಕ್ಕಾ ಬೇಡೂದಿಲ್ಲ. "ನಿಮ್ಮ ಚಟಾ ಭಿಕ್ಷಾ ಹಾಕ್ರಿ" ಅಂತಾರ. ಬೀಡಿ, ಗುಟಕಾ, ಸೆರಿ, ಇಸ್ಪೀಟು, ಏನಿರ್ತೈತೋ ಅದನ್ನ. ಏಳೆಂಟು ವರ್ಷದ ಹಿಂದ ನಮ್ಮ ಬಾಗಲಕ್ಕ ಬಂದಾಗ ಇವರು ಅಂಗಿ ಬಕ್ಕಣದಾಗಿಂದ ಸೆರಿ ಪಾಕೀಟ ತಗದು ಜೋಳಿಗ್ಯಾಗ ಹಾಕಿ, ಲಿಂಗ ಮುಟ್ಟಿ, ನೆಲಕ್ಕ ಬಿದ್ದು ಅತ್ತರು. ಜೋಳಿಗಿಗೆ ಹಾಕಿದ್ದನ್ನ ಯಾರೂ ತಿರುಗಿ ತಗೊಳ್ಳೂದಿಲ್ಲ. ತಗೊಂಡ್ರ ಅಂವ ಮನಷ್ಯಾನ ಅಲ್ಲ ಅಂತ ನಮ್ಮ ಕಡೆ ತಿಳೀತಾರ.

ಆದ್ರ ಕುಡಕನ ಹೇಣ್ತಿಗೆ ನಂಬಿಕಿ ಅನ್ನೂದು ಒಮ್ಮಿಗೇ ಬರೂದಿಲ್ಲರೀ. ಹಾವು ಹೋದ ಮ್ಯಾಲೂ ಹಗ್ಗ ನೋಡಿ ಹೆದರೂದು ತಪ್ಪೂದಿಲ್ಲ. ಇಷ್ಟ ವರ್ಷ ಆದ್ರೂ ಸಂಜಿಕ ಇವರು ಮನಿಗೆ ಬಂದಾಗ ನಾ ಬಾಗಲದಾಗ ನಿಂತು ಏನರ ಒಂದ ಕೇಳ್ತೇನಿ. ಗಿರಾಕಿ ಬಂದಿದ್ರೇನು, ಲಿಂಬಿ ಮುಗದ್ವೇನು ಅಂತ. ಬಾಯಿ ತಗೀಲಿ, ವಾಸನಿ ನೋಡೂನು ಅಂತ. ಅವರಿಗೂ ಗೊತ್ತೈತಿ. ಒಂದೊಂದ ಸಲ ಬೇಕಂತನ "ಹ್ಹಾ" ಅಂತ ಬಾಯಿ ತಗದು ತೋರಿಸಿ ಒಳಗ ಹೋಗ್ತಾರ.

ಸಚಿನ ನಮ್ಮ ಮನಿತನಕ್ಕ ಬರೂದ್ರಾಗ ಇವರು ಬಿಟ್ಟಾಗಿತ್ತು, ಅವನಿಗೆ ಇದ್ಯಾವುದೂ ಗೊತ್ತಿಲ್ಲ. ಇಂಥಾ ಮನಿಗೆ ಸಚಿನ ಬಾಟ್ಲಿ ತಂದಿಟ್ಟು ಹೋದ. ಬೆಕ್ಕಿನ ಮುಂದ ಹಾಲಿನ ಗಡಿಗಿ ಇಟ್ಟು ಕಾಯಿ ಅಂದಂಗ.

ನಮ್ಮವರು ಬಾಟ್ಲಿ ಫ್ರಿಜ್ಜಿನ್ಯಾಗ ಇಟ್ಟು ಜಳಕಕ್ಕ ಹೋದ್ರು. ನಾ ಅದನ್ನ ತಗೊಂಡು ಹಿತ್ತಲದ ಗಟಾರದ ಹತ್ತಿರ ಹೋಗಿ ನಿಂತೆ. ಮುಚ್ಚಳಕ್ಕ ಕೈ ಹಚ್ಚಿದೆ. ತಗೀಲಿಲ್ಲ. ಹಿಂದ ಎಷ್ಟ ಬಾಟ್ಲಿ ಸುರುವೇನಿ ಅನ್ನೂದು ಆ ಗಟಾರಕ್ಕ ಕೇಳ್ರಿ. ನಾ ಒಂದ ಸುರುವಿದ್ರ ಇವರು ಎರಡ ತರ್ತಿದ್ರು. ಸುರುವೂದ್ರಿಂದ ಚಟಾ ಬಿಡೂದಾಗಿದ್ರ ನನ್ನ ಸರ ನನ್ನ ಕೊಳ್ಳಾಗ ಇರ್ತಿತ್ತು. ಬಾಟ್ಲಿ ಒಯ್ದು ಇದ್ದಲ್ಲೇ ಇಟ್ಟು ರೊಟ್ಟಿ ಬಡ್ಯಾಕ ಕುಂತೆ.

ಜೀವ ಮಾತ್ರ ಫ್ರಿಜ್ಜಿನ ಹತ್ತಿರನ ಇತ್ತು.

ಇವರು ಜಳಕಾ ಮಾಡಿ, ಲಿಂಗಪೂಜಿ ಮಾಡ್ಕೊಂಡು ಪಡಸಾಲ್ಯಾಗ ಕುಂತ್ರು. ಅಂಗಡಿಗೆ ಹೊಂಡೂ ಹೊತ್ತಾತು, ಹೊಂಡಲಿಲ್ಲ. ಆಮ್ಯಾಲ ಫ್ರಿಜ್ ತಗದ ಸಪ್ಪಳಾತು. ಹಿಂದಿಂದನ ಮುಚ್ಚಳ ತಗದಿದ್ದು, ಟಸ್ ಅಂತ. ನನ್ನ ಕೈಯಾಗಿನ ರೊಟ್ಟಿ ಹರದು ಎರಡ ತುಂಡಾತು. ಓಡಿ ಹೋಗಿ ಜಗಳಾ ತಗೀಬೇಕನಿಸ್ತು, ಹರದ ಹಿಟ್ಟು ಮತ್ತ ಮುದ್ದಿ ಮಾಡ್ಕೋತ ಕುಂತೆ. ಗ್ಲಾಸಿಗೆ ಸುರುವೂ ಸಪ್ಪಳ ಕೇಳ್ತು. ಹಾಳಾಗಿ ಹೋಗ್ಲಿ, ಎಲ್ಲಾ ಮುಗೀತು, ಇಷ್ಟ ವರ್ಷ ಕಾದದ್ದು ನೀರಾಗ ಹೋಮಾ ಮಾಡಿದಂಗಾತು ಅಂತ ಅಲ್ಲೇ ಒಲಿ ಮುಂದ ಕುಂತು ಅಳಾಕ ಹತ್ತಿದೆ. ಸುಮಾಗ ಏನಂತ ಫೋನ್ ಮಾಡ್ಲಿ?

"ಶೈಲಾ" ಅಂದ್ರು ನಮ್ಮವರು ಪಡಸಾಲ್ಯಾಗಿಂದ. "ಬಾ ಇಲ್ಲೆ. ಲಗೂ ಬಾ."

ಹಿಟ್ಟಿನ ಕೈಲೇ ಹೋದೆ. ಮುಂದ ಸ್ಟೂಲಿನ ಮ್ಯಾಲ ಗ್ಲಾಸ್ ಇತ್ತು, ತುಂಬಿತ್ತು. ಬಿಯರ್ ಅಂದ್ರ ಹಳದಿ ಅಂತ ನನಗ ಗೊತ್ತಿತ್ತು, ಇದು ಹಂಚಿನ ಮಸಿ ಕರೇದು, ಮ್ಯಾಲ ಕಂದು ಬಣ್ಣದ ನೊರಿ. ಇವರು ಎರಡೂ ಕೈ ಬಗಲಾಗ ಒತ್ತಿ ಹಿಡಕೊಂಡು ಕುಂತಿದ್ರು. ಹಣಿ ಮ್ಯಾಲ ಬೆವರು.

"ಇದನ್ನ ನೀ ಕುಡಿ" ಅಂದ್ರು.

"ತಲಿ ಕೆಟ್ಟೈತೇನ್ರಿ? ಕೊಳ್ಳಾಗ ಲಿಂಗ ಕಟ್ಟಿಕೊಂಡೇನಿ ನಾನು!"

"ನಾನೂ ಕಟ್ಟಿಕೊಂಡೇನಿ. ಸಚಿನಗ ರುಚಿ ಹೇಳ್ತೇನಿ ಅಂದೇನಿ. ನನ್ನ ನಾಲಿಗಿ ಜೋಳಿಗ್ಯಾಗ ಐತಿ. ನಿಂದಷ್ಟ ಉಳದೈತಿ ಮನ್ಯಾಗ."

"ಅವನ ರುಚಿ ಮನಿ ಹಾಳಾಗ! ಸುರುವಿ ಬಿಡ್ತೇನಿ ತಡೀರಿ."

"ಸುರುವಬ್ಯಾಡ" ಅಂದ್ರು. ಸಿಟ್ಟಿಲೆ ಅನ್ನಲಿಲ್ಲ, ಸಣ್ಣ ದನಿಲೇ ಅಂದ್ರು. "ನಾ ಒಂದ ಗುಟುಕ ಕುಡದ್ರ ಅಲ್ಲಿಗೇ ನಿಲ್ಲೂದಿಲ್ಲ. ನೀ ನಿಲ್ತಿ. ಕುಡಿ, ಹೆಂಗೈತಿ ಹೇಳು, ಆಮ್ಯಾಲ ಉಳದದ್ದ ಸುರುವು. ನನ್ನ ಮುಂದನ ಸುರುವು."

ಶಿವಾ ಶಿವಾ ಅಂತ ಸೆರಗಲೇ ಕೈ ಒರಸ್ಕೊಂಡು ಗ್ಲಾಸ್ ಎತ್ತಿದೆ. ನನ್ನ ಸಿಟ್ಟು ಯಾರ ಮ್ಯಾಲಿತ್ತೋ ಗೊತ್ತಿಲ್ಲ, ಕಣ್ಣ ಮುಚ್ಚಿ ಒಂದ ದೊಡ್ಡ ಗುಟುಕ ಎಳದೆ.

ಯವ್ವಾ! ಮೊದ್ಲ ಕಹಿ. ಹಾಗಲಕಾಯಿ ಕಹಿ ಅಲ್ಲ. ಹಂಚಿನ ಮ್ಯಾಲ ಸೀದ ರೊಟ್ಟಿ ಅಂಚು ಮುರಕೊಂಡು ತಿಂತೇವಲ್ಲ, ಅಂಥಾ ಕಹಿ. ಅದರ ಹಿಂದ ಬೆಲ್ಲದ ಪಾಕ ತಳಾ ಹಿಡದ ವಾಸನಿ. ನುಂಗಿದ ಮ್ಯಾಲ ಗಂಟಲದಾಗಿಂದ ಹೊಟ್ಟಿ ಮಟಾ ಬೆಚ್ಚಗ ಇಳೀತು. ಇಷ್ಟೇನಾ, ಇದಕ್ಕೇನಾ ನನ್ನ ಸಂಸಾರ ಹಾಳ ಮಾಡಿದ್ದು ಅನ್ನೂದ್ರಾಗ, ನಾಲಿಗಿ ಎರಡೂ ಬಾಜೂಕ ಒಗರು ಎದ್ದು, ಬಾಯಿ ತುಂಬ ನೇರಳ ಹಣ್ಣು ತುಂಬ್ತು.

"ಬಂತು! ರೀ, ನಮ್ಮ ನೇರಳ ಬಂತು!"

ಇವರು ಮುಂದಕ್ಕ ಬಗ್ಗಿದ್ರು. "ಹಸೀ ಹಣ್ಣಿನಂಗೋ, ಕಾಸಿದ್ದರಂಗೋ?"

"ಕಾಸಿದ್ದು. ನಾ ಕಾಸಿದ್ದ. ಏಲಕ್ಕಿ ಸುದ್ದಾ ಗೊತ್ತಾಗ್ತೈತಿ."

"ದಾಳಿಂಬ್ರ?"

"ತಡೀರಿ." ಇನ್ನೊಂದ ಗುಟುಕ ತಗೊಂಡೆ. ಸುಳ್ಳ ಹೇಳಬಾರದು, ಎರಡನೇದು ಮೊದ್ಲಿನಷ್ಟ ಕೆಟ್ಟ ಇರಲಿಲ್ಲ. "ದಾಳಿಂಬ್ರ ಇಲ್ಲ. ಬರೇ ಹುಳಿ ಐತಿ, ಹಣ್ಣಿಲ್ಲ."

"ಈ ಕರೇದ್ರ ಮುಂದ ಅದು ನಿಲ್ಲೂದಿಲ್ಲ. ದಾಳಿಂಬ್ರ ಬಿಟ್ಟು ಬಿಡು ಅಂತ ಹೇಳೂನು. ಬರೇ ನೇರಳ ಹಾಕ್ಲಿ."

"ಇರ್ರಿ, ಇನ್ನೊಮ್ಮೆ ನೋಡ್ತೇನಿ."

"ಏ, ಸಾಕ ಮಾರಾಯ್ತಿ!" ಅಂದ್ರು. "ಒಬ್ಬರನ್ನ ಬಿಡಿಸಾಕ ಮಠದವರಿಗೆ ಸಾಕಾಗಿ ಹೋಗೇತಿ."

ಇಬ್ಬರಿಗೂ ನಗು ಬಂತು. ನನಗ ಸ್ವಲ್ಪ ಜಾಸ್ತೀನ ಬಂತು. ಕಿವಿ ಬೆಚ್ಚಗಾಗಿದ್ವು, ಗ್ವಾಡಿ ಮ್ಯಾಲಿನ ಬಸವಣ್ಣನವರ ಫೋಟೋ ನನ್ನನ್ನ ನೋಡಿದಂಗಾತು. ಸೆರಗು ಸರಿ ಮಾಡ್ಕೊಂಡು ಎದ್ದು, ಉಳದದ್ದನ್ನೆಲ್ಲಾ, ಗ್ಲಾಸಿಂದೂ ಬಾಟ್ಲೀದೂ, ಇವರ ಮುಂದನ ಹಿತ್ತಲದ ಗಟಾರಕ್ಕ ಒಯ್ದು ಸುರುವಿದೆ. ಇವರು ಬಾಗಲದಾಗ ನಿಂತು ಪೂರಾ ಖಾಲಿ ಆಗೂ ತನಕಾ ನೋಡಿದ್ರು.

ಆಮ್ಯಾಲ ನಾ ಕೇಳಿದೆ. ಹೊಟ್ಟ್ಯಾಗಿನ ಬಿಸಿಗೆ ಧೈರ್ಯ ಬಂದಿತ್ತು. "ಖರೆ ಹೇಳ್ರಿ. ನನಗ ಕುಡಸಾಕ ಅಂತಾದ್ರ ಮೊದ್ಲ ನನ್ನ ಕರೀಬೇಕಿತ್ತು. ಗ್ಲಾಸ್ ತುಂಬಿದ ಮ್ಯಾಲ ಯಾಕ ಕರದ್ರಿ?"

ಇವರು ಕಟ್ಟಿ ಮ್ಯಾಲ ಕುಂತ್ರು.

"ಬೇಕನಿಸ್ತು" ಅಂದ್ರು.

ನಾ ಖಾಲಿ ಬಾಟ್ಲಿ ಕೆಳಗ ಇಟ್ಟೆ.

"ವಾಸನಿ ಅಷ್ಟ ನೋಡೂನು ಅಂತ ಮುಚ್ಚಳ ತಗದೆ. ಬಾಯಾಗ ನೀರ ಬಂತು. ಗ್ಲಾಸ್ ಯಾವಾಗ ತುಂಬಿದೆ, ಯಾವಾಗ ಕೈಯಾಗ ಬಂತು ಗೊತ್ತಾಗಲಿಲ್ಲ. ತುಟಿ ಹತ್ತಿರ ಬಂದಿತ್ತು, ಶೈಲಾ. ಅದಕ್ಕ ಕೆಳಗ ಇಟ್ಟು ನಿನ್ನ ಕರದೆ."

"ಇಷ್ಟ ವರ್ಷ ಆದ ಮ್ಯಾಲೂ ಬೇಕನಸ್ತೈತೇನ್ರಿ?"

"ಅನಸ್ತೈತಿ. ಎದುರಿಗೆ ಬಾಟ್ಲಿ ಬೇಕಂತಿಲ್ಲ. ಅಂಗಡ್ಯಾಗ ಸುಮ್ನ ಕುಂತಾಗ ಅನಸ್ತೈತಿ. ಬಾರು ನಾಕ ಹೆಜ್ಜಿ ಐತಿ." ಮುಖಾ ಒರಸ್ಕೊಂಡ್ರು. "ನಡು ಮಧ್ಯಾಹ್ನ ಅಂಗಡಿ ಬಿಟ್ಟು ಬಂದು ಚಾ ಮಾಡು ಅಂತೇನಲ್ಲ? ಅದು ಚಾದ ಸಲುವಾಗಿ ಬರೂದಲ್ಲ."

ನಾ ಅಲ್ಲೇ ಹೊಚ್ಚಲದ ಮ್ಯಾಲ ಕುಂತು ಬಿಟ್ಟೆ.

ಆ ಚಾಕ್ಕ ನಾ ಎಷ್ಟ ಬೈದಿದ್ದೇನಿ! ಬಿಸಲಾಗ, ಗಿರಾಕಿ ಹೊತ್ತಿನ್ಯಾಗ, ಶಟರ್ ಅರ್ಧಾ ಎಳದು ಬರ್ತಿದ್ರು. "ಶರಬತ್ ಮಾರೂ ಮನಷ್ಯಾಗ ಚಾ ಬೇಕಂತ, ಅಲ್ಲೇ ಗಾಡ್ಯಾಗ ಸಿಗೂದಿಲ್ಲೇನು, ನಿಮ್ಮ ಚಾ ಕಾಸೂದರಾಗ ನನ್ನ ಪಾಕ ತಳಾ ಹಿಡೀತೈತಿ" ಅಂತ ಪಾತ್ರಿ ಕುಕ್ಕಿ ಕುಕ್ಕಿ ಇಡ್ತಿದ್ದೆ. ಇವರು ಒಂದ ಮಾತ ಅನ್ನಲಾರದ ಬೈಸ್ಕೋತ ಕುಂತಿರ್ತಿದ್ರು. ಅದ್ಹೆಂಗ ಕುಂತಿರ್ತಾರ, ಮಾನ ಮರ್ಯಾದಿ ಇಲ್ಲೇನು ಅಂತ ನನಗ ಮತ್ತ ಸಿಟ್ಟ ಬರ್ತಿತ್ತು. ಕುಡೀಬೇಕನಿಸಿದಾಗೆಲ್ಲಾ ಈ ಮನಷ್ಯಾ ಬಾರಿಗೆ ಹೋಗೂದು ಬಿಟ್ಟು ನನ್ನ ಬೈಗುಳ ತಿನ್ನಾಕ ಬಂದಾನ. ನಾನ ಇವರನ್ನ ಕಾಯಾಕ ಹತ್ತೇನಿ ಅಂತ ತಿಳದಿದ್ದೆ. ತನ್ನನ್ನ ತಾನ ಹಿಡಕೊಂಡು ತಂದು ನನ್ನ ಮುಂದ ಕುಂಡರಸ್ತಿದ್ರು, ನನಗ ಗೊತ್ತಿರಲಿಲ್ಲ.

ಅತ್ತೆ ನೋಡ್ರಿ, ಬಿಕ್ಕಿ ಬಿಕ್ಕಿ ಅತ್ತೆ. ದುಃಖಕ್ಕಲ್ಲ. ಇಷ್ಟ ವರ್ಷ ಎದಿ ಮ್ಯಾಲ ಹೊತ್ತಿದ್ದ ಬೀಸೂ ಕಲ್ಲು ಇಳದು ಹಗೂರಾದೆ. ಬೇಕನಸ್ತೈತಿ ಅಂದ್ರಲ್ಲ, ಅದನ್ನ ಕೇಳಿ ನನಗ ಹೆದರಿಕಿ ಆಗಬೇಕಿತ್ತು. ಆಗಲಿಲ್ಲ. ಬೇಕನಿಸಿದ ಹೊತ್ತಿನ್ಯಾಗ ಈ ಮನಷ್ಯಾ ಎಲ್ಲಿರ್ತಾನ ಅನ್ನೂದು ಈಗ ನನಗ ಗೊತ್ತಾಗಿತ್ತು.

"ಏರೇತೇನು ನಿನಗ?" ಅಂದ್ರು ಇವರು ಹೆದರಿ.

"ಏರೇತಿ" ಅಂದೆ. "ಸುಮ್ಕಿರ್ರಿ."

ಸಂಜಿಕ ಸಚಿನ ಬಂದ. ನಾನ ಹೇಳಿದೆ: ಕಹಿ ಇರ್ಲಿ, ನೇರಳ ಇರ್ಲಿ, ದಾಳಿಂಬ್ರ ಬ್ಯಾಡ, ದಂಡ. ಅಂವ ಬಾಯಿ ತಗದು ನನ್ನನ್ನ ನೋಡಿದ, ಇವರನ್ನ ನೋಡಿದ, ಮತ್ತ ನನ್ನನ್ನ ನೋಡಿದ. "ಅಕ್ಕಾರ, ಅಂದ್ರ ನೀವು..." ಅಂದ. "ಮಹೇಶ್ವರಿಗೆ ಹೇಳಿದಿ ಅಂದ್ರ ಹುಷಾರ್. ಮತ್ತ ಕೇಳು, ಇನ್ನ ಮುಂದ ನಿನ್ನ ಬಾಟ್ಲಿ ಈ ಹೊಚ್ಚಲಾ ದಾಟಬಾರದು. ಪಾಕಾನೂ ಬ್ಯಾರೆ ಕಡೆ ನೋಡ್ಕೋ" ಅಂದೆ. ಪಾಪ, ತಲಿ ತಗ್ಗಿಸಿ ಹ್ಞೂಂ ಅಂದ. ಹೊಟ್ಟಿ ತುಂಬ ಊಟಕ್ಕ ಹಾಕಿ ಕಳಿಸಿದೆ.

ಅದಾಗಿ ಸ್ವಲ್ಪ ದಿನಕ್ಕ, ಉರೀ ಬಿಸಲಾಗ, ನಾ ದೊಡ್ಡ ಬೋಗಾಣ್ಯಾಗ ಲಿಂಬಿ ಪಾಕ ಕಾಸಾಕ ಹತ್ತಿದ್ದೆ. ಬಾಗಲಾ ಸಪ್ಪಳಾತು. ಇವರು ಬಂದು ಟಾವೆಲ್ಲಿಲೆ ಮುಖಾ ಒರಸ್ಕೋತ ಕುಂತ್ರು.

"ಚಾ ಮಾಡು" ಅಂದ್ರು.

"ಗಿರಾಕಿ ಹೊತ್ತಿನ್ಯಾಗ ಅಂಗಡಿ ಯಾರಿಗೆ ಬಿಟ್ಟು ಬಂದ್ರಿ? ನನಗ ಬ್ಯಾರೆ ಉದ್ಯೋಗಿಲ್ಲೇನು?" ಅಂತ ಜೋರ ಮಾಡಿದೆ. ಮಾಡ್ಕೋತನ ಪಾಕ ಇಳಿಸಿ ಚಾಕ್ಕ ಇಟ್ಟೆ. ಕಪ್ ಬಸಿ ತಂದು ಕೊಟ್ಟು, ಒಳಗ ಹೋಗಲಿಲ್ಲ, ಬಾಜೂಕ ಕುಂತೆ. ಇವರು ಫೂ ಫೂ ಅಂತ ಆರಿಸ್ಕೋತ ಕುಡದ್ರು. ಮುಗದ ಮ್ಯಾಲೂ ಬಸಿ ಕೆಳಗ ಇಡಲಿಲ್ಲ.

"ಇನ್ನೊಂದ ಕಪ್ ಮಾಡ್ಲೇನ್ರಿ?" ಅಂದೆ.

"ಹ್ಞೂಂ" ಅಂದ್ರು. "ಇವತ್ತ ಮಾಡು."

ಪಾಕ ಆರಿದ್ರ ಆರ್ಲಿ ಅಂತ ಮತ್ತ ಚಾಕ್ಕ ಇಟ್ಟೆ.