ಕಬ್ಬಿಣ ಮೇಲೆ ಬರುವ ತನಕ

ನಮ್ಮ ಗ್ರೀಕರ ಎಲೆಯಾ ಪಟ್ಟಣದಲ್ಲಿ ಮೀನು ಕೊಳ್ಳಲು ಹೋದವನು ಮೀನಿನ ಜೊತೆ ಒಂದಿಷ್ಟು ವಾದವನ್ನೂ ಕಟ್ಟಿಸಿಕೊಂಡೇ ಮನೆಗೆ ಬರಬೇಕು. ನಮ್ಮ ನೆಲ ಬರಡು, ಆಲಿವ್ ಬಿಟ್ಟರೆ ಅದಕ್ಕೆ ಬೇರೇನೂ ಒಗ್ಗುವುದಿಲ್ಲ. ಅದಕ್ಕೇ ಏನೋ, ಮಾತು ಮಾತ್ರ ಹುಲುಸಾಗಿ ಬೆಳೆಯುತ್ತದೆ. ಆ ವರ್ಷಗಳಲ್ಲಂತೂ ಎಲ್ಲರ ಬಾಯಲ್ಲೂ ಒಂದೇ ವಾದ. ಇಲ್ಲಿಂದ ಅಲ್ಲಿಗೆ ಹೋಗಬೇಕಾದರೆ ಮೊದಲು ಅರ್ಧ ದಾರಿ ಹೋಗಬೇಕು. ಆಮೇಲೆ ಉಳಿದದ್ದರಲ್ಲಿ ಅರ್ಧ. ಆಮೇಲೆ ಅದರಲ್ಲೂ ಉಳಿದದ್ದರ ಅರ್ಧ. ಈ ಅರ್ಧಗಳಿಗೆ ಕೊನೆಯೇ ಇಲ್ಲವಾದ್ದರಿಂದ ಯಾರೂ ಎಲ್ಲಿಗೂ ತಲುಪುವುದಿಲ್ಲ. ಚಾವಡಿಯ ಪಂಡಿತರು ಇದನ್ನು ಬಲು ಗಂಭೀರವಾಗಿ ಸಾಧಿಸಿ ತೋರಿಸುತ್ತಿದ್ದರು, ಊಟದ ಹೊತ್ತಿಗೆ ಸರಿಯಾಗಿ ಮನೆಯನ್ನೂ ತಲುಪುತ್ತಿದ್ದರು.

ಥ್ರಾಸೋನ್‌ಗೆ ಈ ಮಾತಿನ ಗೀಳು ಇರಲಿಲ್ಲ. ಅವನು ತೆಂಕಣ ಬಂದರಿನ ಹತ್ತಿರ ಮೀನಿಗೆ ಉಪ್ಪು ಹಾಕುವವನು. ವಯಸ್ಸು ಅರವತ್ತೆರಡು. ಸೂರೆ ಮೀನನ್ನು ಸೀಳಿ, ತೊಟ್ಟಿಯಲ್ಲಿ ಒಂದು ಪದರ ಮೀನು, ಒಂದು ಪದರ ಉಪ್ಪು ಹಾಸಿ, ನಲವತ್ತು ದಿನ ಮುಚ್ಚಿಟ್ಟು ತೆಗೆಯುವುದು ಅವನ ಕಸುಬು. ನಲವತ್ತು ಅಂದರೆ ನಲವತ್ತು.

ಆ ಸಲ ಸೂರೆ ಮೀನು ಹಿಡಿಯುವ ಕಾಲ ಮುಗಿಯುತ್ತಿದ್ದಾಗ, ಒಂದು ಬೆಳಿಗ್ಗೆ ಅವನ ತಮ್ಮನ ಮಗಳು ಗ್ಲೌಕೆ ಅಂಗಳಕ್ಕೆ ಬಂದು ನಿಂತಳು.

"ದೊಡ್ಡಪ್ಪ, ಅಪ್ಪಂಗೆ ಹುಷಾರಿಲ್ಲ. ಎದೆ ಕಟ್ಟಿದೆ. ಹಾಸಿಗೆ ಬಿಟ್ಟು ಏಳೋಕಾಗ್ತಿಲ್ಲ."

ಥ್ರಾಸೋನ್ ಕೈಯಲ್ಲಿದ್ದ ಚಾಕು ನಿಂತಿತು. "ನನ್ನ ಕರ್ಕೊಂಡು ಬಾ ಅಂದ್ನಾ?"

"ಇಲ್ಲ. ಯಾರನ್ನೂ ಕರೀತಿಲ್ಲ. ಆದ್ರೆ ಮಂಚಾನ ಬಾಗಿಲ ಕಡೆ ತಿರುಗಿಸಿ ಹಾಕಿ ಅಂದ. ಇಡೀ ದಿನ ಬಾಗಿಲನ್ನೇ ನೋಡ್ತಾ ಮಲಗಿರ್ತಾನೆ."

ಅವಳು ಅಷ್ಟು ಹೇಳಿ, ಕಣ್ಣೊರೆಸಿಕೊಂಡು ಹೋದಳು. ಹೆಚ್ಚು ಒತ್ತಾಯ ಮಾಡಲಿಲ್ಲ. ಮಾಡಿ ಪ್ರಯೋಜನವಿಲ್ಲವೆಂದು ಅವಳಿಗೆ ಗೊತ್ತಿತ್ತು, ಯಾಕೆಂದರೆ ಈ ಜಗಳ ಹುಟ್ಟಿದ್ದೇ ಅವಳ ಮದುವೆಯಲ್ಲಿ.

ಒಂಬತ್ತು ವರ್ಷದ ಹಿಂದೆ ಗ್ಲೌಕೆಯ ಮದುವೆಗೆ ಉಪ್ಪುಮೀನು ತಂದವನು ಥ್ರಾಸೋನ್. ಊಟ ಮಾಡಿದವರಲ್ಲಿ ಅರ್ಧ ಜನ ಸಂಜೆಯೊಳಗೆ ಹೊಟ್ಟೆ ಹಿಡಿದುಕೊಂಡು ಗೋಡೆ ಮರೆಗೆ ಓಡಿದರು. ಹುಡುಗಿಯ ಅಪ್ಪ, ಬೆಸ್ತ ದೆಕ್ಸಿಯಸ್, ಬೀಗರೆಲ್ಲರ ಎದುರಿಗೇ "ಅಣ್ಣ, ನಿನ್ನ ಮೀನು ಕೊಳೆತಿತ್ತು" ಎಂದುಬಿಟ್ಟ. ಮೀನಿನ ದೋಷವಲ್ಲ, ನಿನ್ನ ಹುಳಿ ದ್ರಾಕ್ಷಾರಸದ್ದು ಎಂದು ಥ್ರಾಸೋನ್ ಕೂಗಾಡಿದ. ಮಾತಿಗೆ ಮಾತು ಬೆಳೆಯಿತು. ಕೊನೆಗೆ ಥ್ರಾಸೋನ್ ತನ್ನ ತೊಟ್ಟಿಯ ಮುಚ್ಚಳದ ಮೇಲಿಡುವ ಕಬ್ಬಿಣದ ಗುಂಡನ್ನು ಹೊತ್ತು ಬಂದರಿನ ಕಟ್ಟೆಗೆ ಹೋದ. ಹಿಂದೆಯೇ ಊರಿಗೆ ಊರೇ ಹೋಯಿತು. ಆ ಗುಂಡು ತಾತನ ಕಾಲದ್ದು, ಎತ್ತಲು ಹಿಡಿಯುವ ಅದರ ಎರಡು ಕಿವಿಗಳಲ್ಲಿ ಒಂದು ಮುರಿದಿತ್ತು. ಅದನ್ನು ನೀರಿಗೆಸೆದು, "ಈ ಕಬ್ಬಿಣ ಮೇಲೆ ಬರೋ ತನಕ ನಿನ್ನ ಹೊಸ್ತಿಲು ತಲುಪೋದಿಲ್ಲ" ಎಂದು ಸಮುದ್ರದೇವರ ಮುಂದೆ ಆಣೆ ಮಾಡಿದ.

ಬೇರೆ ಊರಾಗಿದ್ದರೆ ಜನ ಇದನ್ನು ಸಿಟ್ಟಿನಲ್ಲಿ ಆಡಿದ ಮಾತು ಎಂದು ನಾಲ್ಕು ದಿನದಲ್ಲಿ ಮರೆಯುತ್ತಿದ್ದರು. ನಮ್ಮಲ್ಲಿ ಕಬ್ಬಿಣದ ಆಣೆ ಅಂದರೆ ಹುಡುಗಾಟವಲ್ಲ. ಶತ್ರುಗಳು ಬಂದಾಗ ನಮ್ಮ ತಾತಂದಿರು ಆಚೆ ಕಡಲಿನ ಹಳೆಯ ಊರನ್ನು ಬಿಟ್ಟು ಹಡಗು ಹತ್ತಿದರು. ಹತ್ತುವ ಮೊದಲು ಹೀಗೆಯೇ ಕಬ್ಬಿಣ ಮುಳುಗಿಸಿ, ಇದು ತೇಲುವ ತನಕ ಹಿಂದಿರುಗುವುದಿಲ್ಲ ಎಂದು ಆಣೆ ಮಾಡಿದರು. ಆದರೆ ದಾರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಮನೆಯ ನೆನಪು ಕಾಡಿ, ಹಡಗು ತಿರುಗಿಸಿಕೊಂಡು ಹೊರಟೇಹೋದರು. ತಿರುಗದೆ ಬಂದವರ ಮೊಮ್ಮಕ್ಕಳು ನಾವು. ಕಳ್ಳ ಅಂದರೂ, ಹೇಡಿ ಅಂದರೂ ಸಹಿಸಿಕೊಳ್ಳುತ್ತೇವೆ. ಆಣೆ ಮುರಿದವನಿಗೆ ಇಟ್ಟ ಹೆಸರು 'ಹಿಂತಿರುಗಿದವ', ಹಾಗೆ ಅಂದರೆ ಮಾತ್ರ ಕೈ ಕೈ ಮಿಲಾಯಿಸುತ್ತದೆ.

ಇಷ್ಟರ ಮೇಲೆ ಥ್ರಾಸೋನ್‌ನ ಎದೆಯಲ್ಲಿ ಇನ್ನೊಂದು ಮುಳ್ಳಿತ್ತು. ಅದು ಅವನೊಬ್ಬನಿಗೇ ಗೊತ್ತಿದ್ದದ್ದು. ಮೀನು ನಿಜಕ್ಕೂ ಕೆಟ್ಟಿತ್ತು. ತಮ್ಮನ ಮಗಳ ಮದುವೆಗೆ ತನ್ನ ಕೈಯ ಮೀನೇ ಬಡಿಸಬೇಕೆಂಬ ಆಸೆಗೆ ಬಿದ್ದು, ನಲವತ್ತು ದಿನ ಕಾಯದೆ ಇಪ್ಪತ್ತಾರನೇ ದಿನಕ್ಕೇ ತೊಟ್ಟಿ ತೆರೆದಿದ್ದ. ಇದನ್ನು ತಮ್ಮ ಸಾಯುವ ಮೊದಲು ಅವನಿಗೆ ಹೇಳಲೇಬೇಕಿತ್ತು. ಹೇಳಿ ಕಳಿಸುವ ಮಾತಲ್ಲ ಅದು, ಬೀದಿಯಲ್ಲಿ ನಿಂತು ಕೂಗುವ ಮಾತಂತೂ ಅಲ್ಲವೇ ಅಲ್ಲ.

ದಿನವೆಲ್ಲ ಊಟ ಬಿಟ್ಟು ಕೂತ ಗಂಡನನ್ನು ನೋಡಿ ಹೆಂಡತಿ ಮೆಲಿಟ್ಟಳಿಗೆ ರೇಗಿತು. ಅವಳು ಸಂತೆಯಲ್ಲಿ ಮೀನು ಮಾರುವವಳು, ಪಂಡಿತರ ಮಾತನ್ನೆಲ್ಲ ಅರ್ಧ ಕಿವಿಯಲ್ಲೇ ಕೇಳಿ ಪೂರ್ತಿ ಬಾಯಿಪಾಠ ಮಾಡಿಕೊಂಡಿದ್ದಳು.

"ಅಲ್ರೀ, ನೀವು ಆಣೆ ಮಾಡಿದ್ದು ತಲುಪೋದಿಲ್ಲ ಅಂತ ತಾನೇ?"

"ಹೂಂ."

"ಅರ್ಧ ಅರ್ಧ ಹೋಗೋನು ತಲುಪೋದೇ ಇಲ್ಲ ಅಂತ ಆ ಗಡ್ಡದವರು ದಿನಾ ಬಡ್ಕೋತಾರಲ್ಲ. ಹಾಗಾದ್ರೆ ಅರ್ಧ ಅರ್ಧವೇ ಹೋಗಿ. ಅವರ ಮಾತು ನಿಜವಾದ್ರೆ ಆಣೆ ಉಳೀತು. ಸುಳ್ಳಾದ್ರೆ ತಮ್ಮನ ಮುಖ ಸಿಕ್ತು."

ಥ್ರಾಸೋನ್ ಅವಳನ್ನು ಪಿಳಿಪಿಳಿ ನೋಡಿದ. ನಲವತ್ತು ವರ್ಷ ಜೊತೆಗೆ ಬಾಳಿದ ಹೆಂಡತಿ ಇಷ್ಟು ಬುದ್ಧಿವಂತೆ ಎಂದು ಅವನಿಗೆ ಅಂದೇ ಹೊಳೆದದ್ದು ನೋಡಿ.

ಚಾವಡಿಯಲ್ಲಿ ಕೇಳಿದಾಗ ಪಂಡಿತರು ಉಗುಳು ನುಂಗಿದರು. ಥ್ರಾಸೋನ್ ತಲುಪುತ್ತಾನೆ ಅಂದರೆ ಊರಿಗೇ ಹೆಸರು ತಂದ ವಾದ ಬಿದ್ದುಹೋಗುತ್ತದೆ. ತಲುಪುವುದಿಲ್ಲ ಅಂದರೆ ತಡೆಯಲು ಕಾರಣವೇ ಇಲ್ಲ. ಗಡ್ಡ ನೀವಿಕೊಂಡು, ಹೋಗಬಹುದು ಎಂದರು. ಆದರೆ ಒಂದೊಂದು ಅರ್ಧವೂ ಬೇರೆ ಬೇರೆ ನಡಿಗೆಯಾಗಿ ಎಣಿಕೆಗೆ ಬರಬೇಕಾದ್ದರಿಂದ ದಿನಕ್ಕೆ ಒಂದೇ ಅರ್ಧ ಎಂಬ ಷರತ್ತು ಹಾಕಿದರು. ಬೇಗ ಬೇಗ ನಡೆದರೆ ವಾದಕ್ಕೆ ಅಪಾಯ ಎಂದು ಅವರ ಒಳಮನಸ್ಸಿಗೂ ತಿಳಿದಿರಬೇಕು.

ಥ್ರಾಸೋನ್ ಮನೆಯಿಂದ ದೆಕ್ಸಿಯಸ್ ಮನೆಗೆ ಗುಡ್ಡ ಹತ್ತಿ ಇಳಿದರೆ ಸಾವಿರದ ಇನ್ನೂರು ಹೆಜ್ಜೆ. ಮೊದಲ ದಿನ ಆರುನೂರು ಹೆಜ್ಜೆ ನಡೆದು ಗುಡ್ಡದ ಮೇಲಿನ ನೀರಿನ ಬುಗ್ಗೆ ಮುಟ್ಟಿದ. ಅಲ್ಲಿ ಕೊರಾಕ್ಸ್ ಎಂಬ ಮುದುಕ ಚಪ್ಪಲಿ ಹೊಲಿಯುತ್ತ ಕೂರುತ್ತಾನೆ. ಅವನ ಅಂಗಡಿಯ ಮುಂದೆ ಒಂದು ಚಪ್ಪಟೆ ಕಲ್ಲಿದೆ. ಥ್ರಾಸೋನ್ ಅದರ ಮೇಲೆ ಕೂತು ಉಸಿರು ಬಿಟ್ಟ.

"ಏನಯ್ಯ, ತಲುಪದೇ ಇರೋಕೆ ಹೊರಟೆಯಂತೆ?" ಎಂದ ಕೊರಾಕ್ಸ್.

"ನಿಂಗ್ಯಾಕೆ? ಚರ್ಮ ಹೊಲಿ."

"ಅಳತೆ ಸರಿಯಾಗಿ ಮಾಡೋರು ಬೇಡ್ವಾ? ಹೆಜ್ಜೆ ಎಣಿಸೋದ್ರಲ್ಲಿ ಮೋಸ ಮಾಡ್ತೀಯ. ನಾನು ಹಗ್ಗ ತರ್ತೀನಿ."

ಹೀಗೆ ಕೊರಾಕ್ಸ್ ತಾನಾಗಿಯೇ ಅಳತೆಗಾರನಾದ. ಪ್ರತಿ ಸಂಜೆ ಥ್ರಾಸೋನ್ ನಿಂತ ಜಾಗಕ್ಕೆ ಒಂದು ಕಲ್ಲಿಟ್ಟು ಇಬ್ಬರೂ ಮನೆಗೆ ಹೋಗುವುದು, ಮಾರನೇ ದಿನ ಆ ಕಲ್ಲಿನಿಂದ ಮುಂದಕ್ಕೆ ಅರ್ಧ. ಎರಡನೇ ದಿನ ಮುನ್ನೂರು, ಮೂರನೇ ದಿನ ನೂರೈವತ್ತು. ನಾಲ್ಕನೇ ದಿನ ತಮ್ಮನ ಬೀದಿಯ ಅಂಜೂರದ ಮರ ಕಂಡಿತು. ಆಮೇಲೆ ಕೊರಾಕ್ಸ್ ಕಲ್ಲಿನಿಂದ ಹೊಸ್ತಿಲಿನ ತನಕ ಹಗ್ಗ ಹಿಡಿದು, ಅದನ್ನು ಸರಿಯಾಗಿ ಮಡಚಿ, ಮಡಚಿದ ಜಾಗಕ್ಕೆ ಥ್ರಾಸೋನ್‌ನನ್ನು ನಿಲ್ಲಿಸತೊಡಗಿದ. ದಿನದಿಂದ ದಿನಕ್ಕೆ ನೋಡುವವರು ಹೆಚ್ಚಾದರು. ಆಲಿವ್, ಬಾರ್ಲಿ ರೊಟ್ಟಿ ಕಟ್ಟಿಕೊಂಡೇ ಬರುತ್ತಿದ್ದರು. ತಲುಪುತ್ತಾನೆ, ತಲುಪುವುದಿಲ್ಲ ಎಂದು ಎರಡು ಪಂಗಡಗಳಾಗಿ, ಗಂಡ ಹೆಂಡತಿಯರೇ ಮಾತು ಬಿಟ್ಟರು.

ಮೊದಮೊದಲು ಥ್ರಾಸೋನ್‌ಗೂ ಹಿತವಾಗಿತ್ತು. ನಡೆಯುತ್ತಿದ್ದೇನೆ, ಮಾತೂ ಮುರಿದಿಲ್ಲ. ಎಂಟನೇ ದಿನ ನಾಲ್ಕೂ ಮುಕ್ಕಾಲು ಹೆಜ್ಜೆ ಉಳಿದಾಗ ಒಳಗಿನ ಕೆಮ್ಮು ಕೇಳಿಸಿತು. ಅಂದಿನಿಂದ ಅವನಿಗೆ ಈ ಆಟ ಬೇಡವಾಯಿತು. ಆರುನೂರು ಹೆಜ್ಜೆಗೂ ಒಂದು ದಿನ, ಎರಡು ಹೆಜ್ಜೆಗೂ ಒಂದು ದಿನ. ದಾರಿ ಸಣ್ಣದಾಗುತ್ತಿತ್ತು, ದಿನ ಸಣ್ಣದಾಗುತ್ತಿರಲಿಲ್ಲ. ಒಂಬತ್ತನೇ ದಿನದ ಕೆಮ್ಮಿಗಿಂತ ಹತ್ತನೇ ದಿನದ್ದು ಮೆತ್ತಗಿತ್ತು. ಅದು ಒಳ್ಳೆಯ ಲಕ್ಷಣವಲ್ಲವೆಂದು ಮೆಲಿಟ್ಟ ಹೇಳಬೇಕಾಗಿಯೇ ಇರಲಿಲ್ಲ.

ಹನ್ನೊಂದನೇ ದಿನ ಮಧ್ಯಾಹ್ನ ಕೊರಾಕ್ಸ್ ಮಂಡಿಯೂರಿ ಹಗ್ಗ ಮಡಚಿದ. ಥ್ರಾಸೋನ್ ತೆರೆದ ಬಾಗಿಲಿನ ಎದುರು ನಿಂತ. ಒಳಗೆ ಕತ್ತಲು, ಮಂಚದ ಕಾಲು ಮಾತ್ರ ಕಾಣುತ್ತಿತ್ತು.

"ಎಷ್ಟು ಉಳೀತು?" ಎಂದಿತು ಒಳಗಿನಿಂದ ಒಂದು ದನಿ. ಒಂಬತ್ತು ವರ್ಷದಲ್ಲಿ ತಮ್ಮ ಅವನೊಡನೆ ಆಡಿದ ಮೊದಲ ಮಾತು ಅದು.

ಥ್ರಾಸೋನ್ ಮಡಚಿದ ಹಗ್ಗ ನೋಡಿದ. "ಒಂದು ಮೊಳ."

"ನಾಳೆ?"

"ಒಂದು ಗೇಣು."

"ನಾಡಿದ್ದು?"

"ಅರ್ಧ ಗೇಣು."

ಒಳಗೆ ಸ್ವಲ್ಪ ಹೊತ್ತು ಕೆಮ್ಮು. "ನಂಗೆ ಅಷ್ಟು ದಿನ ಇಲ್ಲ ಅಣ್ಣ."

ಥ್ರಾಸೋನ್ ತನ್ನ ಕಾಲು ನೋಡಿಕೊಂಡ. ಉಪ್ಪು ತಿಂದು ಬಿರುಕು ಬಿಟ್ಟ ಆ ಪಾದವೇ ಒಂದು ಗೇಣಿಗಿಂತ ಉದ್ದವಿತ್ತು. ನಾಳೆ ಇದನ್ನು ಎಲ್ಲಿಡುವುದು, ನಾಡಿದ್ದು ಇದರ ಯಾವ ಬೆರಳನ್ನು ಎಲ್ಲಿಡುವುದು? ಮನುಷ್ಯ ನಡೆಯುವಾಗ ಅರ್ಧ ಅರ್ಧ ಎಲ್ಲಿ ಇಡುತ್ತಾನೆ, ಇಡೀ ಹೆಜ್ಜೆಯನ್ನೇ ಇಡುತ್ತಾನೆ. ಇಷ್ಟು ಸರಳ ಸಂಗತಿ ತಿಳಿಯಲು ತನಗೆ ಹನ್ನೊಂದು ದಿನ ಬೇಕಾಯಿತಲ್ಲ ಎಂದು ನಾಚಿಕೆಯಾಯಿತು. ಅವನು ಕಾಲೆತ್ತಿದ.

"ಹೇಯ್, ಇವತ್ತಿನದು ಆಯ್ತಲ್ಲ!" ಎಂದು ಹಿಂದಿನಿಂದ ಯಾರೋ ಕೂಗಿದರು. ಇನ್ನೊಬ್ಬ ಆ ಮಾತನ್ನೇ ಆಡಿದ, ಗಟ್ಟಿಯಾಗಿ, ಎಲ್ಲರಿಗೂ ಕೇಳುವಂತೆ: "ಹಿಂತಿರುಗಿದವ!"

ಆದರೂ ಎತ್ತಿದ ಕಾಲನ್ನು ಥ್ರಾಸೋನ್ ಹೊಸ್ತಿಲ ಒಳಗೇ ಇಟ್ಟ. ಕೊರಾಕ್ಸ್ ಹಗ್ಗ ಸುತ್ತಿಕೊಂಡು ಎದ್ದ.

ದೆಕ್ಸಿಯಸ್ ಸೊರಗಿ ಅರ್ಧವಾಗಿದ್ದ. ಥ್ರಾಸೋನ್ ಮಂಚದ ಪಕ್ಕ ನೆಲದ ಮೇಲೆ ಕೂತು, ಬೇರೆ ಏನನ್ನೂ ಕೇಳದೆ, ತಮ್ಮನ ಕಿವಿಗೆ ಬಾಯಿ ಹತ್ತಿರ ತಂದು ಹೇಳಿಬಿಟ್ಟ.

"ಆ ಮೀನು ಕೆಟ್ಟಿತ್ತು ಕಣೋ. ಇಪ್ಪತ್ತಾರು ದಿನಕ್ಕೇ ತೆಗೆದೆ. ನಿನ್ನ ಸುಳ್ಳುಗಾರ ಮಾಡಿದೆ."

"ಗೊತ್ತು. ನಾನೂ ತಿಂದಿದ್ನಲ್ಲ."

ಇಬ್ಬರೂ ನಕ್ಕರು. ತಮ್ಮನಿಗೆ ನಗಲು ಉಸಿರು ಸಾಲದೆ, ಅಣ್ಣ ಅವನ ಎದೆಯನ್ನು ನೀವಬೇಕಾಯಿತು.

"ಆಣೆ ಮುರಿದೆ," ಎಂದ ಥ್ರಾಸೋನ್. "ಇನ್ನು ಸಾಯೋ ತನಕ ಊರವರು ನನ್ನ ಹಾಗೇ ಕರೀತಾರೆ. ಕರೀಲಿ ಬಿಡು."

"ಬಾಗಿಲ ಹಿಂದೆ ನೋಡು."

ಬಾಗಿಲು ಮುಚ್ಚಿಕೊಳ್ಳದಂತೆ ಅದರ ಹಿಂದೆ ಏನನ್ನೋ ಒತ್ತು ಕೊಟ್ಟಿದ್ದರು. ತುಕ್ಕು ಹಿಡಿದ ಕಬ್ಬಿಣದ ಗುಂಡು, ಒಂದು ಕಿವಿ ಮುರಿದದ್ದು.

"ನೀನು ಎಸೆದ ಮಾರನೇ ಬೆಳಿಗ್ಗೆನೇ ಮುಳುಗಿ ತಂದೆ. ಎರಡಾಳು ನೀರು, ಅಷ್ಟೆ. ಆಣೆ ಅವತ್ತೇ ತೀರಿತ್ತು."

"ಹೇಳಬಾರದಿತ್ತೇನೋ, ಪಾಪಿ!"

"ಹೇಳೋಕೇ ಅದನ್ನ ಹೊತ್ಕೊಂಡು ಹೊರಟೆ. ಬುಗ್ಗೆ ತನಕ ಬಂದೆ. ಅಲ್ಲಿ ಕಲ್ಲಿನ ಮೇಲೆ ಕೂತಾಗ, ಸುಳ್ಳಾಡಿದವನು ಅವನು, ನಾನ್ಯಾಕೆ ಹೋಗ್ಲಿ ಅನ್ನಿಸ್ತು. ವಾಪಸ್ ಬಂದೆ."

"ಒಂದೇ ಸಲನಾ?"

ದೆಕ್ಸಿಯಸ್ ಸೂರಿನ ಕಡೆ ಮುಖ ತಿರುಗಿಸಿದ. "ಪ್ರತಿ ವರ್ಷ. ಗ್ಲೌಕೆ ಮದುವೆಯಾದ ದಿನ ಬಂದಾಗೆಲ್ಲ. ಪ್ರತಿ ಸಲಾನೂ ಅಲ್ಲಿಂದಲೇ." ಅಣ್ಣನ ಕೈ ಹುಡುಕಿ ಹಿಡಿದುಕೊಂಡ. "ಹೊರಗೆ ಯಾರೋ ಕೂಗಿದ್ರಲ್ಲ, ಅದು ನಿಂಗಲ್ಲ ಅಣ್ಣ. ಹಿಂತಿರುಗಿದವ ನಾನು."

ದೆಕ್ಸಿಯಸ್ ಇನ್ನೂ ಆರು ದಿನ ಬದುಕಿದ್ದ. ಆ ಆರು ದಿನ ಥ್ರಾಸೋನ್ ತನ್ನ ಮನೆಗೆ ಹೋಗಲಿಲ್ಲ. ಮೆಲಿಟ್ಟ ಗಂಜಿ ತಂದು ಇಬ್ಬರಿಗೂ ಕುಡಿಸಿ, ಇಬ್ಬರನ್ನೂ ಬೈದು ಹೋಗುತ್ತಿದ್ದಳು. ಚಾವಡಿಯಲ್ಲಿ ಮಾತ್ರ ವಾದ ನಡೆದೇ ಇತ್ತು. ಥ್ರಾಸೋನ್ ಷರತ್ತು ಮುರಿದದ್ದರಿಂದ ಅರ್ಧ ಅರ್ಧ ಹೋಗುವವನು ತಲುಪುತ್ತಾನೆಂದು ಇನ್ನೂ ಸಾಬೀತಾಗಿಲ್ಲ ಎಂದು ಪಂಡಿತರು ನೆಮ್ಮದಿಯ ನಿಟ್ಟುಸಿರುಬಿಟ್ಟರಂತೆ.

ಮಣ್ಣು ಮಾಡಿದ ಮಾರನೇ ದಿನ ಥ್ರಾಸೋನ್ ಆ ಕಬ್ಬಿಣವನ್ನು ಹೆಗಲಿಗೇರಿಸಿಕೊಂಡು ತನ್ನ ಮನೆಯ ಕಡೆ ಹೊರಟ. ಗುಡ್ಡ ಹತ್ತುವಷ್ಟರಲ್ಲಿ ಏದುಸಿರು ಬಂತು. ಬುಗ್ಗೆಯ ಹತ್ತಿರ ಕೊರಾಕ್ಸ್ ಹೊಲಿಗೆ ಬಿಟ್ಟು ಎದ್ದು, ನೀರು ತುಂಬಿದ ಬಟ್ಟಲು ಕೊಟ್ಟ.

"ಈ ಗುಂಡು ನಂಗೆ ಗೊತ್ತು," ಎಂದ. "ವರ್ಷಕ್ಕೊಂದು ಸಲ ನಿನ್ನ ತಮ್ಮ ಹೊತ್ಕೊಂಡು ಬರ್ತಿದ್ದ. ಏನಯ್ಯ ಅದು ಅಂದ್ರೆ ಬಾಯಿ ಬಿಡ್ತಿರಲಿಲ್ಲ. ಕೂತ್ಕೋ, ಭಾರ ಇದೆ, ಇಳಿಸು."

ಕೊರಾಕ್ಸ್ ಆ ಚಪ್ಪಟೆ ಕಲ್ಲಿನ ಧೂಳು ಒರೆಸಿದ. ಥ್ರಾಸೋನ್ ಕಲ್ಲನ್ನು ನೋಡಿದ. ಕಬ್ಬಿಣ ಇಳಿಸದೆ, ನಿಂತೇ ನೀರು ಕುಡಿದು, ಬಟ್ಟಲು ಹಿಂದಕ್ಕೆ ಕೊಟ್ಟು, ತಮ್ಮ ಒಂಬತ್ತು ವರ್ಷ ಬಾಕಿ ಉಳಿಸಿದ್ದ ಆರುನೂರು ಹೆಜ್ಜೆಗಳನ್ನು ಒಂದೇ ಸಮನೆ ನಡೆದು ಮನೆ ತಲುಪಿದ.